ಲಾರಿ ಕಂಡಿತು, ಬೈಕ್ ಕಾಣಲಿಲ್ಲ: ಒಂದು ಫ್ಯಾಕ್ಟರಿ ಗೇಟಿನ ಮುಂದಿನ ಅಪಘಾತ

ಬೆಂಗಳೂರಿನ ಹೊರವಲಯದ ಒಂದು ಕೈಗಾರಿಕಾ ಪ್ರದೇಶ. ಡಿಸೆಂಬರ್ ತಿಂಗಳು, ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಮೊದಲ ಶಿಫ್ಟಿನ ಕಾರ್ಮಿಕರನ್ನು ಹೊತ್ತ ಸ್ಟಾಫ್ ಬಸ್ಸು ಡಿವೈಡರ್ ಗ್ಯಾಪಿನಲ್ಲಿ ಬಲಕ್ಕೆ ತಿರುಗಿ ಗೇಟಿನ ಕಡೆ ಹೊರಟಿತು. ಎದುರಿನಿಂದ ಬರುತ್ತಿದ್ದ ಬೈಕು ಬಸ್ಸಿನ ಮುಂದಿನ ಎಡ ಮೂಲೆಗೆ ಬಡಿಯಿತು. ಬೈಕಿನಲ್ಲಿದ್ದದ್ದು ಅದೇ ಫ್ಯಾಕ್ಟರಿಯ ಕಾಂಟ್ರಾಕ್ಟ್ ಕಾರ್ಮಿಕ, ಅದೇ ಶಿಫ್ಟಿಗೆ ಬರುತ್ತಿದ್ದ ಹುಡುಗ. ಜೀವಕ್ಕೆ ಏನೂ ಆಗಲಿಲ್ಲ. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು.

ಕಾರಣ ಹುಡುಕಲು ಹೊರಗಿನಿಂದ ಕರೆಸಿದ ತಂಡದಲ್ಲಿ ನಾನೂ ಇದ್ದೆ. ಯಾರ ಗುರುತೂ ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರಗಳು ಮತ್ತು ಅವುಗಳ ಫಲ ಮಾತ್ರ ಇದ್ದ ಹಾಗೇ ಇವೆ.

ಈ ಪ್ರಕರಣವನ್ನೇ ಬರೆಯಲು ಒಂದು ಕಾರಣವಿದೆ. ಬೈಕ್ ಅಪಘಾತ ಅಂದ ತಕ್ಷಣ ನಾವು ಕೇಳುವ ಪ್ರಶ್ನೆಗಳು ಗೊತ್ತೇ ಇವೆ. ಹೆಲ್ಮೆಟ್ ಇತ್ತಾ? ಸ್ಪೀಡಲ್ಲಿದ್ನಾ? ಕುಡಿದಿದ್ನಾ? ಫೋನಲ್ಲಿದ್ನಾ? ಇಲ್ಲಿ ಹೆಲ್ಮೆಟ್ ಇತ್ತು, ಅದರ ಪಟ್ಟಿಯನ್ನೂ ಬಿಗಿದಿದ್ದ. ಹೆಡ್‌ಲೈಟ್ ಉರಿಯುತ್ತಿತ್ತು. ಸ್ಪೀಡು ಸುಮಾರು ನಲವತ್ತು, ಗೇಟು ಹತ್ತಿರ ಬಂತೆಂದು ಅದನ್ನೂ ಇಳಿಸುತ್ತಿದ್ದ. ಎಡ ಇಂಡಿಕೇಟರ್ ಕೂಡ ಹಾಕಿದ್ದ. ಬಸ್ ಚಾಲಕರೂ ಹುಂಬರಲ್ಲ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅನುಭವ, ಹಿಂದೆ ಒಂದೂ ಕೇಸಿಲ್ಲ. ಗ್ಯಾಪಿನಲ್ಲಿ ಬಸ್ ನಿಲ್ಲಿಸಿ, ಎದುರು ನೋಡಿ, ಆಮೇಲೆ ತಿರುಗಿಸಿದ್ದರು. ಇಬ್ಬರೂ ಮಾಡಬೇಕಾದ್ದನ್ನು ಮಾಡಿದ್ದರೂ ಡಿಕ್ಕಿ ಆಯಿತು.

ಕೇಂದ್ರ ಸಾರಿಗೆ ಇಲಾಖೆಯ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಇವರೆಲ್ಲರ ವಿಷಯದಲ್ಲೂ ಸವಾರನ ತಪ್ಪನ್ನು ಮಾತ್ರ ಹುಡುಕುತ್ತಾ ಕೂತರೆ, ಎದುರಿನ ವಾಹನದ ಸೀಟಿನಲ್ಲಿ ಏನು ನಡೆಯಿತು ಅನ್ನುವುದು ಗೊತ್ತೇ ಆಗುವುದಿಲ್ಲ.

ಮೊದಲ ಕೆಲವು ಗಂಟೆಗಳು

ಆಸ್ಪತ್ರೆಗೆ ಸಾಗಿಸಿದ್ದು ಬಸ್ಸಿನಲ್ಲಿದ್ದ ಕಾರ್ಮಿಕರೇ. ಅಷ್ಟರಲ್ಲಿ ಗೇಟಿನ ಬಳಿ ಕತೆ ತಯಾರಾಗಿತ್ತು. "ಬೈಕ್‌ನೋರು ಹಂಗೇ ನುಗ್ತಾರೆ, ಪಂಚ್ ಮಾಡೋ ಅವಸರ." ಬಸ್ ಗುತ್ತಿಗೆದಾರರ ಕಡೆಯವರು ಬರೆದುಕೊಂಡು ಬಂದ ಹೇಳಿಕೆಯಲ್ಲೂ "ಅತಿವೇಗ" ಎಂದೇ ಇತ್ತು. ಅದನ್ನು ಬರೆದವರು ಯಾರೂ ಡಿಕ್ಕಿಯನ್ನು ನೋಡಿರಲಿಲ್ಲ.

ಆ ಕತೆ ಉಳಿಯದಂತೆ ಮಾಡಿದ್ದು ಸೆಕ್ಯುರಿಟಿ ಸೂಪರ್‌ವೈಸರ್. ಅವರು ಅವತ್ತೇ ಮಧ್ಯಾಹ್ನದೊಳಗೆ ಗೇಟಿನ ಸಿಸಿಟಿವಿ ದೃಶ್ಯವನ್ನು ಪೆನ್‌ಡ್ರೈವಿಗೆ ಇಳಿಸಿ, ಒಂದು ಪ್ರತಿಯನ್ನು ಪೊಲೀಸರಿಗೆ ಕೊಟ್ಟರು. ಯಾರೂ ಹೇಳಿರಲಿಲ್ಲ. ಇಂಥ ಕ್ಯಾಮೆರಾಗಳ ಡಿವಿಆರ್‌ನಲ್ಲಿ ಹಳೆಯದರ ಮೇಲೆ ಹೊಸದು ತಾನಾಗೇ ರೆಕಾರ್ಡ್ ಆಗುತ್ತಾ ಹೋಗುತ್ತದೆ. ಕೆಲವು ವಾರ ಬಿಟ್ಟು ಕೇಳಿದ್ದರೆ ಏನೂ ಸಿಗುತ್ತಿರಲಿಲ್ಲ. ಎಫ್‌ಐಆರ್ ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125(ಬಿ) (ಅಜಾಗರೂಕತೆಯಿಂದ ತೀವ್ರ ಗಾಯ) ಸೆಕ್ಷನ್‌ಗಳಡಿ ಬಸ್ ಚಾಲಕರ ಮೇಲೆ ದಾಖಲಾಯಿತು. ಸವಾರನ ಮೇಲಿದ್ದ ಅತಿವೇಗದ ಮಾತು ಅಲ್ಲಿಗೆ ಬಿದ್ದುಹೋಯಿತು.

ಇನ್ನೊಂದು ಗೊಂದಲ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ವಿಷಯದಲ್ಲಿ. ಅಪಘಾತ ಗೇಟಿನ ಹೊರಗೆ ಆಗಿದೆ, ನಮಗೆ ಸಂಬಂಧವಿಲ್ಲ ಅಂತ ಕಾರ್ಮಿಕರನ್ನು ಕೊಡುವ ಗುತ್ತಿಗೆದಾರರು ಅಪಘಾತದ ವರದಿ ಕೊಡಲು ಹಿಂದೇಟು ಹಾಕಿದರು. ಆದರೆ 2010ರ ತಿದ್ದುಪಡಿಯಲ್ಲಿ ಇಎಸ್‌ಐ ಕಾಯ್ದೆಗೆ 51ಇ ಸೆಕ್ಷನ್ ಸೇರಿತ್ತು. ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ಸಂಬಂಧ ತೋರಿಸಿದರೆ ಅದೂ ಕೆಲಸದ ವೇಳೆಯ ಗಾಯವೇ. ಇದನ್ನು ತೋರಿಸಿದ ಮೇಲೆ ವರದಿ ಹೋಯಿತು. ಹುಡುಗನಿಗೆ ಚಿಕಿತ್ಸೆಯ ಜೊತೆಗೆ ಮಲಗಿದ್ದ ತಿಂಗಳುಗಳಲ್ಲಿ ದಿನಗೂಲಿಯ ಶೇ 90ರ ಲೆಕ್ಕದಲ್ಲಿ ಹಣವೂ ಬಂತು. ಬೈಕಿನಲ್ಲಿ ಕೆಲಸಕ್ಕೆ ಹೋಗುವ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

"ದೇವರಾಣೆ ನೋಡ್ದೆ ಸಾರ್"

ಚಾಲಕರನ್ನು ಭೇಟಿ ಮಾಡಿದಾಗ ಅವರು ಹೇಳಿದ್ದು ಇದನ್ನೇ. "ದೇವರಾಣೆ ನೋಡ್ದೆ ಸಾರ್. ದೂರದಲ್ಲಿ ಒಂದು ಲಾರಿ ಬರ್ತಿತ್ತು. ಟೈಮಿದೆ ಅಂತ ತಿರುಗಿಸಿದೆ. ಬೈಕ್ ಎಲ್ಲಿಂದ ಬಂತೋ ಗೊತ್ತಿಲ್ಲ."

ಸಿಸಿಟಿವಿಯಲ್ಲಿ ಬೈಕು ಡಿಕ್ಕಿಗೆ ಮೊದಲು ಐದಾರು ಸೆಕೆಂಡ್ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಮ್ಯಾನೇಜ್‌ಮೆಂಟಿನವರು ಇದನ್ನು ಸುಳ್ಳು ಅಂದುಕೊಂಡರು. ಒಂದೋ ನೋಡಿಲ್ಲ, ಇಲ್ಲಾ ನೋಡಿಯೂ ತಿರುಗಿಸಿದ್ದಾರೆ. ಮೂರನೆಯ ಸಾಧ್ಯತೆ ಇರಬಹುದು ಅಂತ ಆಗ ಯಾರೂ ಯೋಚಿಸಲಿಲ್ಲ. ಬಸ್ ಗುತ್ತಿಗೆದಾರರು ಅವರನ್ನು ಆ ರೂಟಿನಿಂದ ತೆಗೆದು ಇನ್ನೊಬ್ಬರನ್ನು ಹಾಕಿದರು.

ಅದರ ಜೊತೆಗೆ ಬೇರೆ ಕೆಲಸಗಳೂ ನಡೆದವು. ನೋಟಿಸ್ ಬೋರ್ಡಿನಲ್ಲಿ ಎಚ್ಚರಿಕೆ ಹಾಕಿದರು. ರಸ್ತೆಗೆ ಹಂಪ್ಸ್ ಹಾಕಿಸಿ ಅಂತ ಒಂದು ಅರ್ಜಿ ಹೋಯಿತು, ಅದು ಇವತ್ತಿಗೂ ಅರ್ಜಿಯಾಗಿಯೇ ಇದೆ. ಬೈಕಿನಲ್ಲಿ ಬರುವವರಿಗೆಲ್ಲ ಹೊಳೆಯುವ ಪಟ್ಟಿಯ ಹಸಿರು ಜಾಕೆಟ್ ಹಂಚಿದರು. ಜಾಕೆಟ್ ಇಲ್ಲದಿದ್ದರೆ ಒಳಗೆ ಬಿಡಬೇಡಿ ಅಂತ ಸೆಕ್ಯುರಿಟಿಗೆ ಹೇಳಿದರು.

ಜಾಕೆಟ್ಟಿನ ಕತೆ ಸ್ವಲ್ಪ ಹೇಳಬೇಕು. ಚಳಿಗಾಲ, ಎಲ್ಲರೂ ಮೇಲೊಂದು ಸ್ವೆಟರ್ ಹಾಕಿರುತ್ತಾರೆ. ಬೆನ್ನಿಗೆ ಊಟದ ಬ್ಯಾಗು. ಜಾಕೆಟ್ ಎರಡರ ನಡುವೆ ಸಿಕ್ಕಿಹಾಕಿಕೊಂಡಿತು. ಇನ್ನು ಕೆಲವರು ಅದನ್ನು ಬೈಕಿನ ಡಬ್ಬದಲ್ಲಿಟ್ಟು, ಗೇಟಿನ ಮುಂದೆ ನಿಲ್ಲಿಸಿ ಹಾಕಿಕೊಂಡು ಬರುತ್ತಿದ್ದರು. ಅಪಾಯದ ಜಾಗ ದಾಟಿದ ಮೇಲೆ ಜಾಕೆಟ್! ನಿಯಮ ಒಳಗೆ ಬರುವುದರ ಬಗ್ಗೆ ಇದ್ದರೆ ಜನ ಒಳಗೆ ಬರುವುದಕ್ಕೇ ಅದನ್ನು ಬಳಸುತ್ತಾರೆ. ಸರಿಯಾಗಿ ಹಾಕಿಕೊಂಡಿದ್ದರೂ ಈ ಜಾಗದಲ್ಲಿ ಉಪಯೋಗ ಕಡಿಮೆಯೇ. ಆ ಪಟ್ಟಿ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ. ಗ್ಯಾಪಿನಲ್ಲಿ ಓರೆಯಾಗಿ ನಿಂತ ಬಸ್ಸಿನ ಹೆಡ್‌ಲೈಟ್ ಬೈಕಿನ ಕಡೆ ಇರುವುದೇ ಇಲ್ಲ, ಗೇಟಿನ ಕಡೆ ಇರುತ್ತದೆ.

ಕೆಲವು ವಾರಗಳ ನಂತರ ಹೊಸ ಚಾಲಕರು ಅದೇ ಗ್ಯಾಪಿನಲ್ಲಿ, ಅದೇ ಹೊತ್ತಿಗೆ, ಇನ್ನೊಂದು ಬೈಕಿಗೆ ಅಡ್ಡ ಬಂದರು. ಸವಾರ ಹೇಗೋ ಬ್ರೇಕ್ ಹಿಡಿದು ಕೂದಲೆಳೆಯಲ್ಲಿ ಪಾರಾದ. ಹೊಸ ಚಾಲಕರೂ ಅಂದದ್ದು: "ಲಾರಿ ದೂರ ಇತ್ತು ಸಾರ್."

ಪ್ರಕರಣ ತಿರುಗಿದ್ದು ಇಲ್ಲಿ. ಮನುಷ್ಯ ಬದಲಾದರೂ ಮಾತು ಅದೇ, ಜಾಗ ಅದೇ. ಹಾಗಾದರೆ ಸುಳ್ಳು ಹೇಳುತ್ತಿರುವುದು ಚಾಲಕರಲ್ಲ.

ಸೀಟಿನಲ್ಲಿ ಕೂತು ನೋಡಿದಾಗ

ಒಂದು ಭಾನುವಾರ, ಅದೇ ಕತ್ತಲಿನ ಹೊತ್ತಿಗೆ, ಅದೇ ಬಸ್ಸನ್ನು ಗ್ಯಾಪಿನಲ್ಲಿ ನಿಲ್ಲಿಸಿದೆವು. ಮೊದಲ ಚಾಲಕರನ್ನೂ ಕರೆಸಲೇಬೇಕು ಅಂತ ನಾವು ಹಠ ಹಿಡಿದಿದ್ದೆವು. ಆರೋಪಿಯನ್ನು ಯಾಕೆ ಕರೆಸೋದು ಅನ್ನುವ ಮಾತು ಬಂತು. ಅವರು ಕಂಡದ್ದನ್ನು ಅವರಿಗಿಂತ ಚೆನ್ನಾಗಿ ಹೇಳುವವರು ಯಾರು? ದೂರದಲ್ಲಿ ಒಂದು ಲಾರಿಯನ್ನು ಲೈಟ್ ಹಾಕಿಸಿ ನಿಲ್ಲಿಸಿದೆವು. ಅದರ ಮುಂದಿನಿಂದ ಒಬ್ಬ ಸವಾರ ನಿಧಾನಕ್ಕೆ ಬರಬೇಕು. ಬೈಕ್ ಕಂಡಾಗ ಚಾಲಕರು ಕೈ ಎತ್ತಬೇಕು.

ಅವರು ಕೈ ಎತ್ತುವ ಹೊತ್ತಿಗೆ ಬೈಕು ಬಹಳ ಹತ್ತಿರ ಬಂದಿರುತ್ತಿತ್ತು. ಸರದಿಯಂತೆ ನಾವೂ ಸೀಟಿನಲ್ಲಿ ಕೂತೆವು. ನಮಗೂ ಅಷ್ಟೇ.

ಮೂರು ವಿಷಯ ಒಟ್ಟಿಗೆ ಸೇರಿದ್ದವು. ಮೊದಲನೆಯದು ಬೆಳಕು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಸದಾ ಉರಿಯಬೇಕೆಂಬ ನಿಯಮ ಬಂತು. ಹಗಲಿನಲ್ಲಿ ಅದು ಒಳ್ಳೆಯದೇ. ಆದರೆ ಕತ್ತಲಲ್ಲಿ ಬೈಕಿನ ಹಿಂದೆಯೇ ಲಾರಿ ಬರುತ್ತಿದ್ದರೆ, ಬೈಕಿನ ಒಂಟಿ ದೀಪ ಲಾರಿಯ ದೀಪಗಳ ಗುಂಪಿನಲ್ಲಿ ಸೇರಿಹೋಗುತ್ತದೆ. ನೋಡುವವರಿಗೆ ಅದು ಲಾರಿಯದೇ ಇನ್ನೊಂದು ಲೈಟು. ಎಡ ಇಂಡಿಕೇಟರ್ ಕೂಡ ಅದೇ ಬೆಳಕಿನಲ್ಲಿ ಮುಳುಗಿತ್ತು.

ಎರಡನೆಯದು ಗಾಜು. ಆ ಬಸ್ಸಿನ ಮುಂದಿನ ಗಾಜು ಎರಡು ತುಂಡಿನದು, ಮಧ್ಯೆ ಒಂದು ಕಂಬಿ. ಕಂಬಿಗೆ ತಾಗಿ ಗೇಣಗಲದ ದೇವರ ಫೋಟೊ, ಅದಕ್ಕೆ ಪ್ಲಾಸ್ಟಿಕ್ ಹಾರ, ಪಕ್ಕದಲ್ಲಿ ಪುಟ್ಟ ಫ್ಯಾನು, ಕೆಳಗೆ ಕಂಪನಿಯ ರೂಟ್ ಬೋರ್ಡು. ಬಸ್ಸು ನೇರ ಇದ್ದಾಗ ಇವು ಅಷ್ಟು ತೊಂದರೆ ಕೊಡುವುದಿಲ್ಲ. ಗ್ಯಾಪಿನಲ್ಲಿ ಬಲಕ್ಕೆ ಓರೆಯಾಗಿ ನಿಂತಾಗ ಎದುರಿನ ರಸ್ತೆ ಚಾಲಕರ ಎಡಕ್ಕೆ ಸರಿಯುತ್ತದೆ, ಸರಿಯಾಗಿ ಇವುಗಳ ಹಿಂದಕ್ಕೆ. ಲೆಕ್ಕ ಸುಲಭ. ಕಣ್ಣಿಂದ ಒಂದು ಮೀಟರ್ ಒಳಗೆ ಗೇಣಗಲದ ವಸ್ತು ಇದ್ದರೆ, ಮೂವತ್ತು ಮೀಟರ್ ದೂರದಲ್ಲಿ ಎರಡು ಬೈಕು ಪಕ್ಕಪಕ್ಕ ಬಂದರೂ ಮುಚ್ಚಿಹೋಗುತ್ತವೆ. ಲಾರಿ ಎತ್ತರ, ಅಗಲ. ಅದರ ಅಂಚು ಎಲ್ಲೋ ಒಂದು ಕಡೆ ಇಣುಕಿಯೇ ಇಣುಕುತ್ತದೆ.

ಮೂರನೆಯದು ಮನಸ್ಸಿನದು. ಚಾಲಕರು ಹುಡುಕುತ್ತಿದ್ದದ್ದು ಬಸ್ಸಿಗೆ ಗುದ್ದಬಹುದಾದ ವಾಹನವನ್ನು. ಅದು ಸಿಕ್ಕಿತು. ಲಾರಿ ಎಷ್ಟು ದೂರ ಇದೆ ಅಂತ ಅಳೆದರು, ಟೈಮಿದೆ ಅಂದುಕೊಂಡರು. ಅಲ್ಲಿಗೆ ಅವರ ಹುಡುಕಾಟ ಮುಗಿದಿತ್ತು. ಇದು ನಮ್ಮ ಚಾಲಕರ ದೋಷವಷ್ಟೇ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿ ಹರ್ಟ್ ಮತ್ತು ತಂಡ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತ್ತು. ಬೈಕಿನ ಜೊತೆ ಇನ್ನೊಂದು ವಾಹನವೂ ಇದ್ದ ಅಪಘಾತಗಳಲ್ಲಿ ಮೂರರಲ್ಲಿ ಎರಡರಷ್ಟು, ಆ ಇನ್ನೊಂದು ವಾಹನ ಬೈಕಿನ ಹಾದಿಗೆ ಅಡ್ಡ ಬಂದದ್ದರಿಂದ ಆದವು. ಬೈಕ್ ಕಾಣಲೇ ಇಲ್ಲ, ಇಲ್ಲಾ ಕಾಣುವಷ್ಟರಲ್ಲಿ ತಡವಾಗಿತ್ತು ಅನ್ನುವುದೇ ಅಲ್ಲೂ ಮುಖ್ಯ ಕಾರಣವಾಗಿತ್ತು. ಕಂಡರೂ ಅಂದಾಜು ತಪ್ಪುತ್ತದೆ. ಅಗಲವಾದ ವಾಹನ ಹತ್ತಿರವಾದಂತೆ ಕಣ್ಣಿಗೆ ಬೇಗ ಬೆಳೆಯುತ್ತದೆ. ಬೈಕು ತೆಳ್ಳಗಿರುವುದರಿಂದ ಕೊನೆಯ ಕ್ಷಣದವರೆಗೂ ದೂರದಲ್ಲೇ ಇದ್ದಂತೆ ಕಾಣುತ್ತದೆ. ನಲವತ್ತು ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 11 ಮೀಟರ್.

ಆ ಭಾನುವಾರ ಬೈಕ್ ಸವಾರರನ್ನೂ ಚಾಲಕರ ಸೀಟಿನಲ್ಲಿ ಕೂರಿಸಿದೆವು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಅರ್ಧ ಗಂಟೆ ಅದು. ಒಬ್ಬ ಹುಡುಗ ತನ್ನ ಗೆಳೆಯನ ಬೈಕು ಬರುವುದನ್ನು ಕಾಯುತ್ತಾ ಕಾಯುತ್ತಾ, "ಅಣ್ಣಾ, ಅವನು ಇನ್ನೂ ಹೊರಟೇ ಇಲ್ವಲ್ಲಾ" ಅಂದ. ಗೆಳೆಯ ಅಷ್ಟರಲ್ಲಿ ಅರ್ಧ ದಾರಿ ಬಂದಿದ್ದ. ಯಾವ ಪೋಸ್ಟರೂ ಮಾಡದ ಕೆಲಸ ಅದು. ಅವತ್ತಿನಿಂದ ಕೆಲವರು ಗ್ಯಾಪಿನಲ್ಲಿ ಬಸ್ ಓರೆಯಾಗಿ ನಿಂತಿರುವುದು ಕಂಡರೆ ತಾವೇ ವೇಗ ಇಳಿಸಿ, ಒಂದು ಸಲ ಡಿಪ್ಪರ್ ಹೊಡೆದು, ರಸ್ತೆಯಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಬರಲು ಶುರುಮಾಡಿದರು. ಅತ್ತಿತ್ತ ಸರಿಯುವ ದೀಪ ನೆಟ್ಟಗೆ ಬರುವ ದೀಪಕ್ಕಿಂತ ಬೇಗ ಕಣ್ಣಿಗೆ ಬೀಳುತ್ತದೆ.

ಮಾಡಿದ ಬದಲಾವಣೆ, ಅದಕ್ಕೆ ಬಂದ ವಿರೋಧ

ಗಾಜನ್ನು ಖಾಲಿ ಮಾಡಿ ಅನ್ನುವುದು ಸುಲಭ. ದೇವರ ಫೋಟೊ ತೆಗೆಯಿರಿ ಅನ್ನುವುದು ಸುಲಭವಲ್ಲ. ಗುತ್ತಿಗೆದಾರರ ಮ್ಯಾನೇಜರ್ ಕೈಚೆಲ್ಲಿದರು. ಕೊನೆಗೆ ಮೊದಲ ಚಾಲಕರೇ ದಾರಿ ತೋರಿಸಿದರು. ಗಾಜಿನ ಮೇಲ್ಭಾಗದ ತಗಡಿಗೆ, ಸೀಟಿನಿಂದ ತಲೆ ಎತ್ತಿದರೆ ಕಾಣುವಂತೆ ಫೋಟೊ ಏರಿತು. ಫ್ಯಾನು ಬಲಗಡೆಯ ಮೂಲೆಗೆ ಹೋಯಿತು. ರೂಟ್ ಬೋರ್ಡು ಗಾಜಿನ ತಳಕ್ಕೆ ಇಳಿಯಿತು. ಮಾಮೂಲಿ ಶುಕ್ರವಾರದ ಪೂಜೆ ಅಲ್ಲೇ ನಡೆಯಿತು, ಯಾರಿಗೂ ಬೇಜಾರಾಗಲಿಲ್ಲ.

ನೋಡುವ ರೀತಿಯನ್ನೂ ಬದಲಿಸಬೇಕಿತ್ತು. ಗ್ಯಾಪಿನಲ್ಲಿ ನಿಂತಾಗ ಕತ್ತು ಮಾತ್ರ ತಿರುಗಿಸದೆ ಮೈಯನ್ನೇ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಾಗಿಸಿ ನೋಡಬೇಕು. ಆಗ ಕಂಬಿಯ ಹಿಂದಿದ್ದದ್ದು ಹೊರಗೆ ಬರುತ್ತದೆ. ಜೊತೆಗೆ ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು ಅಂತ ನಾವು ಸೂಚಿಸಿದೆವು. ಜಪಾನಿನ ರೈಲ್ವೆ ಸಿಬ್ಬಂದಿ ಸಿಗ್ನಲ್ಲಿಗೆ ಬೆರಳು ತೋರಿಸಿ ಜೋರಾಗಿ ಹೇಳುವ ಪದ್ಧತಿ ಇದೆಯಲ್ಲ, ಅದೇ ತರಹ. ಬಸ್ ತುಂಬ ಜನರ ಮುಂದೆ ಒಬ್ಬರೇ ಮಾತಾಡಿಕೊಳ್ಳಲು ಚಾಲಕರಿಗೆ ನಾಚಿಕೆಯಾಯಿತು. ಕೆಲವೇ ದಿನಗಳಲ್ಲಿ ಅದು ನಿಂತಿತು. ಆಮೇಲೆ ಅವರೇ ಅದನ್ನು ತಮ್ಮ ಭಾಷೆಗೆ ತಂದುಕೊಂಡರು. "ಬೈಕ್ ಇದ್ಯೇನೋ?" ಅಂತ ಚಾಲಕರು ಕೇಳುವುದು, ಎಡಬಾಗಿಲಲ್ಲಿ ನಿಂತ ಕ್ಲೀನರ್ ಇಣುಕಿ "ಒಂದೈತೆ ಅಣ್ಣ, ತಡಿ" ಅನ್ನುವುದು. ಇದು ಉಳಿಯಿತು. ಬೈಕನ್ನೇ ಹೆಸರಿಟ್ಟು ಹುಡುಕುವ ಅಭ್ಯಾಸ ಶುರುವಾದದ್ದೇ ಹಾಗೆ.

ದೊಡ್ಡ ಜಗಳ ಆದದ್ದು ಟೈಮಿನ ಬಗ್ಗೆ. ಆರು ಗಂಟೆಗೆ ಪಂಚ್. ಐದು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಕಟ್. ಬಸ್ಸು ತಡವಾದರೆ ಬಸ್ಸಿನವರಿಗೆ ಮಾಫಿ, ಬೈಕಿನವರಿಗೆ ಇಲ್ಲ. ಬಸ್ ತಡವಾದರೆ ಹೆಚ್‌ಆರ್‌ನಿಂದ ಚಾಲಕರಿಗೆ ಫೋನು. ಹೀಗಾಗಿ ಎಲ್ಲ ಬಸ್ಸು, ಎಲ್ಲ ಬೈಕು ಕೊನೆಯ ಹತ್ತು ನಿಮಿಷದಲ್ಲಿ ಒಂದೇ ಗ್ಯಾಪಿಗೆ ಬಂದು ಬೀಳುತ್ತಿದ್ದವು. ನಾವು ಎರಡು ಕೇಳಿದೆವು. ಬಸ್ಸು ಬಲಕ್ಕೆ ತಿರುಗುವುದೇ ಬೇಡ, ಮುಂದಿನ ಸರ್ಕಲ್ಲಿಗೆ ಹೋಗಿ ಯೂ ಟರ್ನ್ ಮಾಡಿ ಬಂದು ಎಡಕ್ಕೆ ಒಳಗೆ ಬರಲಿ. ಪಂಚಿಂಗಿಗೆ ಎಲ್ಲರಿಗೂ ಒಂದೇ ತರಹದ ಹದಿನೈದು ನಿಮಿಷದ ರಿಯಾಯಿತಿ ಇರಲಿ.

ಡೀಸೆಲ್ ಖರ್ಚು, ಲೈನ್ ಶುರುವಾಗುವುದು ತಡ, ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಅಂತ ತಕರಾರುಗಳು ಬಂದವು. ಸಭೆಯಲ್ಲಿ ತೀರ್ಮಾನ ತಂದದ್ದು ಪ್ರೊಡಕ್ಷನ್ ಮ್ಯಾನೇಜರ್. ಆರು ಗಂಟೆಗೆ ಪಂಚ್ ಮಾಡಿದವನೂ ಡ್ರೆಸ್ ಬದಲಿಸಿ ಮಷಿನ್ ಹತ್ತಿರ ಬರುವುದು ಆರೂ ಕಾಲಿಗೇ, ಲೈನ್ ಈಗಲೂ ಆಗಲೇ ಶುರುವಾಗುವುದು ಅಂದರು. ಆ ಮೇಲೆ ಯಾರೂ ಮಾತಾಡಲಿಲ್ಲ. ಸುಮ್ನೆ ಕಾಗದದ ಮೇಲಿದ್ದ ಆರು ಗಂಟೆಗಾಗಿ ಅಷ್ಟೂ ಜನ ಓಡುತ್ತಿದ್ದರು.

ಹೊಸ ದಾರಿ, ಹೊಸ ಅಪಾಯ

ಬಲ ತಿರುವು ನಿಂತ ಮೇಲೆ ಗ್ಯಾಪಿನ ತೊಂದರೆ ಈ ಕಂಪನಿಯ ಬಸ್ಸುಗಳ ಮಟ್ಟಿಗೆ ಮುಗಿಯಿತು. ಆದರೆ ತೊಂದರೆ ಎಡಕ್ಕೆ ಹೋಯಿತು. ಈಗ ಬಸ್ಸೂ ಬೈಕೂ ಒಂದೇ ದಿಕ್ಕಿನಿಂದ ಬಂದು ಒಂದೇ ಗೇಟಿಗೆ ಎಡಕ್ಕೆ ತಿರುಗಬೇಕು. ಗೇಟಿನ ಮೂಲೆ ಇಕ್ಕಟ್ಟಾಗಿತ್ತು. ಅದಕ್ಕೆ ಬಸ್ಸು ಮೊದಲು ಬಲಕ್ಕೆ ಅಗಲವಾಗಿ ಹೋಗಿ ಆಮೇಲೆ ಎಡಕ್ಕೆ ತಿರುಗುತ್ತಿತ್ತು. ಎಡಗಡೆ ಜಾಗ ಖಾಲಿ ಕಂಡ ಬೈಕಿನವರು ಒಳಗೆ ನುಗ್ಗಿದರು. ಉದ್ದದ ಬಸ್ಸು ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಒಂದು ಬೈಕಿನ ಹ್ಯಾಂಡಲ್ ಬಸ್ಸಿನ ಮೈಗೆ ಉಜ್ಜಿತು. ಸವಾರ ಕಾಲು ಕೊಟ್ಟು ನಿಂತದ್ದರಿಂದ ಬದುಕಿದ.

ಇದನ್ನು ಚಾಲಕರ ಎಚ್ಚರಕ್ಕೆ ಬಿಡಲಿಲ್ಲ. ಗೇಟಿನ ಮೂಲೆಯಲ್ಲಿದ್ದ ಹೂಕುಂಡಗಳ ಕಟ್ಟೆ ಮತ್ತು ಕಂಪನಿಯ ಹೆಸರಿನ ದೊಡ್ಡ ಬೋರ್ಡನ್ನು ತೆಗೆಸಿದರು. ಬಸ್ಸು ಅಗಲಕ್ಕೆ ಹೋಗುವ ಅಗತ್ಯವೇ ತಪ್ಪಿತು. ಬಹಳ ಮೊದಲೇ ಇಂಡಿಕೇಟರ್ ಹಾಕಿ ಎಡ ಅಂಚಿಗೆ ಬಂದುಬಿಟ್ಟರೆ ಮಧ್ಯೆ ನುಗ್ಗಲು ಜಾಗವೂ ಇರುವುದಿಲ್ಲ. ಇನ್ನೂ ಒಳ್ಳೆಯದಾದದ್ದು ಬೈಕಿಗೇ ಬೇರೆ ಬಾಗಿಲು. ಸ್ವಲ್ಪ ಹಿಂದೆ ಒಂದು ಹಳೆಯ ಚಿಕ್ಕ ಗೇಟು ಬೀಗ ಹಾಕಿ ಬಿದ್ದಿತ್ತು. ಒಬ್ಬ ಗಾರ್ಡು ಜಾಸ್ತಿ ಬೇಕು ಅನ್ನುವುದಷ್ಟೇ ತಕರಾರು. ಉಜ್ಜಿದ ಬಸ್ಸಿನ ಫೋಟೊ ನೋಡಿದ ಮೇಲೆ ಆ ಗಾರ್ಡಿನ ಸಂಬಳ ಮಂಜೂರಾಯಿತು. ಇದೇ ಗೇಟನ್ನು ಮೊದಲೇ ತೆರೆದಿದ್ದರೆ ಅರ್ಧ ಸಮಸ್ಯೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಮೊದಲ ದಿನವೇ ಕೇಳಿದ್ದರೆ ಯಾರೂ ಒಪ್ಪುತ್ತಿರಲಿಲ್ಲ ಅನ್ನುವುದೂ ನಿಜ.

ಗಾಯಗೊಂಡ ಹುಡುಗ ಕಾಲಿಗೆ ರಾಡ್ ಹಾಕಿಸಿಕೊಂಡು, ಆರೇಳು ತಿಂಗಳ ನಂತರ ಪ್ಯಾಕಿಂಗ್ ವಿಭಾಗಕ್ಕೆ ಕೆಲಸಕ್ಕೆ ಮರಳಿದ. ಈಗ ಬಸ್ಸಿನಲ್ಲೇ ಬರುತ್ತಾನೆ. ಚಾಲಕರ ಮೇಲಿನ ಕೇಸು ನ್ಯಾಯಾಲಯದಲ್ಲಿದೆ. ಕೇಸು ಇರುವಾಗಲೇ ಗುತ್ತಿಗೆದಾರರು ಅವರನ್ನು ವಾಪಸ್ ತೆಗೆದುಕೊಂಡರು. ಹೊಸದಾಗಿ ಸೇರುವ ಚಾಲಕರನ್ನು ಮೊದಲ ವಾರ ಅವರ ಬಸ್ಸಿನ ಕ್ಲೀನರ್ ಸೀಟಿನಲ್ಲಿ ಕೂರಿಸುತ್ತಾರೆ. ಇದು ಯಾರೂ ಬರೆದುಕೊಟ್ಟ ನಿಯಮವಲ್ಲ, ಅವರಾಗೇ ಶುರುಮಾಡಿಕೊಂಡದ್ದು.

ಡಿವೈಡರ್ ಗ್ಯಾಪು ಇನ್ನೂ ತೆರೆದೇ ಇದೆ. ಪಕ್ಕದ ಎರಡು ಫ್ಯಾಕ್ಟರಿಗಳ ಬಸ್ಸುಗಳು ಈಗಲೂ ಅಲ್ಲೇ ಬಲಕ್ಕೆ ತಿರುಗುತ್ತವೆ. ಅವುಗಳ ಶಿಫ್ಟೂ ಆರಕ್ಕೇ. ಅವರ ಚಾಲಕರನ್ನು ಒಂದು ಭಾನುವಾರ ಇದೇ ಸೀಟಿನಲ್ಲಿ ಕೂರಿಸಲು ಮಾತುಕತೆ ನಡೆದಿದೆ. ಒಂದು ಕಂಪನಿ ಒಪ್ಪಿದೆ, ಇನ್ನೊಂದರ ಉತ್ತರಕ್ಕೆ ಕಾಯುತ್ತಿದ್ದಾರೆ.